ಮಾತ್ರೆಗೆ ಇಳಿಯದ ಸಿಟ್ಟು

ಫೆಬ್ರವರಿ ೯, ಭಾನುವಾರ

ನನ್ನವರಿಗೆ ನಮಸ್ಕಾರ.

ಉತ್ತರ ತಡವಾಯಿತು, ತಪ್ಪು ತಿಳಿಯಬೇಡಿ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ನಿಮ್ಮ ಸೇತುವೆಯ ಕೆಲಸ ಎಲ್ಲಿಗೆ ಬಂತು? ಇಲ್ಲಿ ಬಚ್ಚಲಿನ ನಲ್ಲಿ ರಿಪೇರಿಯಾಯಿತು.

ಕಾರ್ಖಾನೆಯ ಗಲಾಟೆ ನಿಮಗೆ ಗೊತ್ತೇ ಇದೆ. ಹೊಸ ಮ್ಯಾನೇಜರ್ ತೋಳಿನ ಅಳತೆ ತಪ್ಪಾಗಿ ಕೊಟ್ಟ, ನಾನು ಹಾಗೆಯೇ ಬಟ್ಟೆ ಕತ್ತರಿಸಿದೆ. ಅಂಗಿಗಳೆಲ್ಲ ವಾಪಸು ಬಂದಾಗ ತಪ್ಪನ್ನು ನನ್ನ ತಲೆಗೆ ಕಟ್ಟಿದ. ಕೂಗಾಡಿದೆ. "ಈ ವಯಸ್ಸಲ್ಲಿ ಹೆಂಗಸರಿಗೆ ಹೀಗಾಗತ್ತೆ, ರೆಸ್ಟ್ ತಗೊಳ್ಳಿ" ಅಂದ.

ನಿದ್ದೆಯಿಲ್ಲದೆ, ಸುಮ್ಮಸುಮ್ಮನೆ ಅಳು ಬಂದು ಡಾಕ್ಟರಮ್ಮನ ಹತ್ತಿರ ಹೋದದ್ದು ನಿಜ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಬರೀ ಗರ್ಭಕೋಶದ ಸಂಗತಿಯಲ್ಲವಂತೆ, ಮಿದುಳಿನಲ್ಲೂ ಅವುಗಳ ಕೆಲಸವಿದೆಯಂತೆ. ಒಂದು ಮನಸ್ಸನ್ನು ಹಗುರವಾಗಿಡಲು ನೆರವಾಗುತ್ತದೆ, ಇನ್ನೊಂದು ನಿದ್ದೆಗೆ. ಮುಟ್ಟು ನಿಲ್ಲುವ ಕಾಲಕ್ಕೆ ಎರಡೂ ಏರುಪೇರು. "ಹಾಗಾದ್ರೆ ನನ್ನ ಸಿಟ್ಟೆಲ್ಲ ಅದರದ್ದೇನಾ?" ಎಂದೆ. "ಹಾರ್ಮೋನು ನಿಮ್ಮ ದನಿ ಏರಿಸಬಹುದು ಕಣ್ರೀ, ಮ್ಯಾನೇಜರ್ ಬಾಯಲ್ಲಿ ಸುಳ್ಳು ಹೇಳಿಸಲ್ಲ" ಎಂದು ನಕ್ಕರು.

ಮಾತ್ರೆಯಿಂದ ನಿದ್ದೆ ಬಂತು, ಅಳು ನಿಂತಿತು. ಸಿಟ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ. ಮ್ಯಾನೇಜರ್ ಎದುರು ನಿಂತು ಮೆತ್ತಗೆ ಹೇಳಿದೆ: "ಅಳತೆ ಕೊಟ್ಟಿದ್ದು ನೀವು." ಎಲ್ಲರ ಮುಂದೆ ನಕ್ಕ: "ಇವತ್ತು ಮಾತ್ರೆ ಮರೆತ್ರಾ ಮೇಡಂ? ನಿಮ್ಮ ಯಜಮಾನ್ರು ಪಾಪ ಫೋನ್ ಮಾಡಿ ಎಲ್ಲಾ ಹೇಳಿದ್ರು, ಕ್ಷಮೆನೂ ಕೇಳಿದ್ರು."

ಮಾತ್ರೆಯ ವಿಷಯ ನಿಮಗೊಬ್ಬರಿಗೇ ಹೇಳಿದ್ದೆ. ನನ್ನ ಪರವಾಗಿ ಕ್ಷಮೆ ಕೇಳಿ ಎಂದವರು ಯಾರು? ನನ್ನ ಮೈಯ ಸಂಗತಿಯನ್ನು ಆ ಮನುಷ್ಯನ ಬಾಯಿಗೆ ಹಾಕಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಕತ್ತರಿ ಕೆಳಗಿಟ್ಟು ನೇರವಾಗಿ ಮಾಲೀಕರ ಕೋಣೆಗೆ ನಡೆದೆ. ಹೊಲಿಗೆಯ ಹೆಂಗಸರೂ ಹಿಂದೆಯೇ ಬಂದು, ಆ ಅಳತೆ ಕೊಟ್ಟದ್ದು ಅವನೇ, ಕಣ್ಣಾರೆ ಕಂಡಿದ್ದೇವೆ ಎಂದರು. ಮ್ಯಾನೇಜರ್ ತಪ್ಪೊಪ್ಪಿಕೊಂಡ. ನೀವಿನ್ನೂ ಒಪ್ಪಿಕೊಂಡಿಲ್ಲ.

ರಜೆಗೆ ಬನ್ನಿ, ಬೇಡ ಅನ್ನುವುದಿಲ್ಲ. ಆ ಬಿಸಿಲಲ್ಲಿ ಆರೋಗ್ಯ ಜೋಪಾನ. ಎಷ್ಟೇ ಸಿಟ್ಟಿದ್ದರೂ ನಿಮಗೆ ಒಳ್ಳೆಯದಾಗಲಿ ಎಂದೇ ಬಯಸುವ,

ನಿಮ್ಮಾಕೆ

ಇನ್ನೊಂದು ವಿಷಯ. ಮೇಲೆ ಬರೆಯಲು ಕೈ ಬರಲಿಲ್ಲ. ಮಗಳು ನಿನ್ನೆ ಬಾಯಿಬಿಟ್ಟಳು. ತರಬೇತಿಗೆ ಹೋಗುವ ಲ್ಯಾಬಿನಲ್ಲಿ ಹಿರಿಯನೊಬ್ಬ ಅವಳ ಸೊಂಟಕ್ಕೆ ಕೈ ಹಾಕಿದ್ದನಂತೆ. ಮೊದಲು ಹೇಳಲು ಹೋದದ್ದು ನಿಮಗೆ. ಅವಳು ಫೋನಿನಲ್ಲಿ ಅಳುತ್ತಿದ್ದರೆ ನೀವು ಕೇಳಿದಿರಂತೆ: "ಯಾಕೆ ಪುಟ್ಟಿ, ತಿಂಗಳ ಡೇಟ್ ಹತ್ರ ಬಂತಾ?" ಆಮೇಲೆ ಅವಳು ಯಾರಿಗೂ ಹೇಳಿರಲಿಲ್ಲ, ನನಗೂ.