ಭೂಮಿ ಹಾಡುವ ಎರಡು ಸ್ವರ

ರಾಣೆಬೆನ್ನೂರು
೧೯ ಫೆಬ್ರವರಿ ೧೯೯೧

ಪ್ರೀತಿಯ ಪದ್ಮಾ,

ನಿನ್ನ ಎರಡೂ ಪತ್ರ ಮೇಜಿನ ಮೇಲೇ ಇವೆ. ಶಾಲೆಯ ಪರೀಕ್ಷೆಗಳ ನೆಪ ಹೇಳಬಹುದಿತ್ತು, ಆದರೆ ನಿನಗೆ ಸುಳ್ಳೇಕೆ? ಬರೆಯಲು ಕೂತರೆ ಕೈ ಸುಮ್ಮನಾಗುತ್ತಿತ್ತು. ಸಿಟ್ಟು ಮಾಡಿಕೊಳ್ಳಬೇಡ. ಮನೆಯಲ್ಲಿ ಎಲ್ಲರೂ ಕ್ಷೇಮವೇ?

ಹೋದ ತಿಂಗಳು ಬ್ಯಾಡಗಿಯ ವಿಜ್ಞಾನ ಸಂಘದವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಗ್ರಹಗಳ ಸಂಗೀತವನ್ನೇ ವಿಷಯ ಮಾಡಿಕೊಂಡೆ. ಕಾಲೇಜಿನಲ್ಲಿ ನಾವಿಬ್ಬರೂ ಅದನ್ನು ಓದಿ ಬೆರಗಾಗಿದ್ದೆವಲ್ಲ. ಲೆಕ್ಕ ನೀನು ಹೇಳು, ಸ್ವರ ನಾನು ಕೊಡುತ್ತೇನೆ ಎಂದು ಇವರೂ ಸಿತಾರ ಹೊತ್ತು ಹೊರಟರು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ವೇದಿಕೆ ಹತ್ತಿದ್ದು ಅದೇ ಮೊದಲು.

ಸಭೆ ತುಂಬಿತ್ತು. ಪೇಟೆಯ ಮೆಣಸಿನಕಾಯಿ ಘಾಟಿಗೆ ಅರ್ಧ ಜನ ಸೀನುತ್ತಿದ್ದರು. ತಂತಿಯನ್ನು ಸರಿಯಾಗಿ ನಡುವೆ ಒತ್ತಿ ಮೀಟಿದರೆ ಮೇಲಿನ ಷಡ್ಜ ಬರುತ್ತದೆ, ಪೈಥಾಗೊರಸನ ಕಡೆಯವರು ಇದರಿಂದಲೇ ಆಕಾಶಕ್ಕೂ ಸಂಖ್ಯೆಗಳ ಕಟ್ಟು ಇದೆ ಎಂದು ನಂಬಿದರು ಎಂದೆ. ಆಮೇಲೆ ಕೆಪ್ಲರನ ಮಾತು ಬಂತು. ದೇವರು ರೇಖಾಗಣಿತ ಹಿಡಿದು ಲೋಕ ಕಟ್ಟಿದನೆಂದು ನಂಬಿದವನು ಅವನು. ಸೂರ್ಯನ ಹತ್ತಿರ ಗ್ರಹ ಬೇಗ ಓಡುತ್ತದೆ, ದೂರದಲ್ಲಿ ನಿಧಾನಿಸುತ್ತದೆ. ಆ ಎರಡು ವೇಗಗಳ ಅನುಪಾತದಲ್ಲಿ ಅವನು ಸ್ವರ ಕಂಡ. ನಮ್ಮ ಭೂಮಿಯ ಪಾಲಿಗೆ ಬಂದದ್ದು ಎರಡೇ ಸ್ವರ. ನಮ್ಮ ಲೆಕ್ಕದಲ್ಲಿ ಗಾಂಧಾರ, ಮಧ್ಯಮ, ಮತ್ತೆ ಗಾಂಧಾರ.

ಅದನ್ನು ನುಡಿಸಲು ಇವರತ್ತ ತಿರುಗಿದೆ. ಬಸ್ಸಿನ ಕುಲುಕಾಟಕ್ಕೆ ತಂತಿ ಇಳಿದಿತ್ತು. ಇವರು ಬಿಗಿ ಮಾಡಿದರು, ಕಿವಿ ಹತ್ತಿರ ತಂದರು, ಮತ್ತೆ ಬಿಗಿ ಮಾಡಿದರು. ಮೀಟಿದಾಗ ಅದು ಉಳಿದ ತಂತಿಗಳ ಜೊತೆ ಕಚ್ಚಾಡುತ್ತಿತ್ತು. ಮುಂದೆ ಕೂತಿದ್ದ ಕದರಮಂಡಲಗಿಯ ಭಜನಾ ಮಾಸ್ತರ ನಿಜಲಿಂಗಪ್ಪನವರು ತಲೆ ತಗ್ಗಿಸಿದರು. ಇವರು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು:

“ಶ್ರುತಿ ಕೂಡೇತೇನು?”

“ಕೂಡೇತ್ರಿ,” ಎಂದೆ.

ಅದೇ ಶ್ರುತಿಯಲ್ಲಿ ಭೂಮಿಯ ಹಾಡು ನುಡಿಸಿದರು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗಿ ಎದ್ದು, ಗ್ರಹಗಳ ಹಾಡನ್ನು ಯಾರಾದರೂ ಕೇಳಿದ್ದಾರೆಯೇ ಎಂದಳು. ಅದು ಕಿವಿಗಲ್ಲ, ಬುದ್ಧಿಗೆ ಎಂದು ಕೆಪ್ಲರನೇ ಹೇಳಿದ್ದಾನೆ ಎಂದೆ. ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆ. ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಮುಖ ಮಾಡಿ ಕೂತರು, ನಾನು ಟಿಕೆಟು ಮಡಚುತ್ತ ಕೂತೆ. ಅಂದಿನಿಂದ ಅಡುಗೆ ಮಾಡುತ್ತೇನೆ, ಶಾಲೆಗೆ ಹೋಗುತ್ತೇನೆ. ಅಳು ಬರಬೇಕಿತ್ತೇನೋ, ಬಂದಿಲ್ಲ.

ನಿಮ್ಮ ಯಜಮಾನರಿಗೆ ನಮ್ಮಿಬ್ಬರ ಸಲಾಮು ತಿಳಿಸು. ಮಗಳಿಗೆ ನನ್ನ ಆಶೀರ್ವಾದ. ಅಲ್ಲಾಹ ನಿಮ್ಮ ಮನೆಯನ್ನು ತಂಪಾಗಿ ಇಟ್ಟಿರಲಿ.

ನಿನ್ನ,
ಮಹಮೂದಾ

ತಾ.ಕ.: ಬೇಸಿಗೆ ರಜೆಯಲ್ಲಿ ಮಗಳನ್ನು ಇವರ ಹತ್ತಿರ ಸಿತಾರ ಕಲಿಯಲು ಕಳಿಸುತ್ತೇನೆ ಎಂದು ಬರೆದಿದ್ದೀ. ಕಳಿಸಬೇಡ. ಪಾಠ ನಿಲ್ಲಿಸಿದ್ದಾರೆ. ಬ್ಯಾಡಗಿಯಿಂದ ಬಂದ ಮರುದಿನ ಸಿತಾರಕ್ಕೆ ಗವಸು ಹಾಕುತ್ತ ಅಂದರು: “ಕಿವಿ ಮಂದ ಆಗಿ ಭಾಳ ದಿನಾತು. ನಿನ್ನ ಮಾರಿ ನೋಡೇ ಗೊತ್ತಾತು, ನೀ ಸುಳ್ಳ ಹೇಳಿದಿ ಅಂತ. ನೀ ಒಬ್ಬಾಕಿನರ ಖರೇ ಹೇಳ್ತಿ ಅಂತ ತಿಳಿದಿದ್ದೆ. ಇನ್ನ ಯಾರನ್ನ ಕೇಳ್ಲಿ?”