ಕಂಪ್ಲಿ ಕೋಟೆಯ ಕಾಡುಗೂಬೆ

ಕಂಪ್ಲಿ,
ಶನಿವಾರ, ೧೩ ಡಿಸೆಂಬರ್ ೨೦೨೫

ಚಾಪೆಯ ಮೇಲೆ ಕುಳಿತ ಮಹನೀಯರೇ, ಕಂಬಕ್ಕೊರಗಿ ನಿಂತ ಯಜಮಾನರೇ, ತೊಡೆಯ ಮೇಲೆ ಕೂಸು ಮಲಗಿಸಿಕೊಂಡು ನಾಟಕ ನೋಡುವ ತಾಯಂದಿರೇ! ನೋಡಿದೆಯಾ ಭವ್ಯ, ಪೆನ್ನು ಹಿಡಿದರೂ ನಿನ್ನ ಸೋದರಮಾವನಿಗೆ ಸಭೆಯೇ ಬೇಕು. ಎದುರಿಗೆ ನೀನೊಬ್ಬಳೇ ಇದ್ದೀಯ ಎಂದುಕೊಂಡರೆ ಮೊದಲ ಸಾಲೇ ಹೊಳೆಯುವುದಿಲ್ಲ. ಅದಕ್ಕೇ ಜನರನ್ನು ಕೂಡಿಸಿಕೊಂಡೆ.

ಪ್ರೀತಿಯ ಭವ್ಯ, ಆರೋಗ್ಯ ಹೇಗಿದೆ? ಕುರೆಕುಪ್ಪದ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿರಬೇಕು. ಮುಂಜಾನೆ ಪಾಳಿಗೆ ಕಾರ್ಖಾನೆಯ ಲ್ಯಾಬಿಗೆ ಹೋಗುವಾಗ ಕಿವಿಗೆ ಮಫ್ಲರ್ ಕಟ್ಟಿಕೋ. ಅದು ಸಾಮಾನ್ಯ ಕಿವಿಯಲ್ಲ. ನಿಮ್ಮವ್ವ ಬಸಕ್ಕ ಚೆನ್ನಾಗಿದ್ದಾಳೆ. ಶೇಂಗಾ ಹೋಳಿಗೆ ಮಾಡಿದಾಗಲೆಲ್ಲ ನಿನ್ನ ಪಾಲು ಡಬ್ಬಿಯಲ್ಲಿಟ್ಟು, ವಾರ ಕಾದು, ಕೊನೆಗೆ ನನ್ನ ಮುಂದೆ ಕುಕ್ಕಿ, 'ತಿನ್ನಪಾ, ಹಂಗರ ನಿನ್ನ ಬಾಯಿ ಮುಚ್ಚಲಿ' ಎನ್ನುತ್ತಾಳೆ. ಬಸ್ಸಿನಲ್ಲಿ ಎರಡು ತಾಸಿನ ಹಾದಿ. ನೀನು ಬಂದು ಎರಡು ವರ್ಷವಾಯಿತು.

ಮಾಗಿ ಮತ್ತೆ ಬಂದಿದೆ. ಹೊಳೆಯ ಮೇಲೆ ಮಂಜು ಇಳಿಯುತ್ತಲೇ ಗೂಬೆಗಳ ಮೇಳ ಶುರು. ನೀನು ಕಲಿಸಿದ ಪಾಠ ಮರೆತಿಲ್ಲ. ಅಕ್ಕಿ ಗಿರಣಿಯ ಸೂರಿನಿಂದ ಹಳೇ ಧೋತರ ಹರಿದಂತೆ ಚೀರುವುದು ಕಣಜಗೂಬೆ. ಹುಣಸೆಮರದಲ್ಲಿ, ನಲ್ಲಿಯ ಪಾಳಿಗೆ ಜಗಳ ಬಿದ್ದವರಂತೆ ಚಿರ್ರ ಚಿರ್ರ ಎನ್ನುವುದು ಪುಟ್ಟ ಗೂಬೆ ಹಾಲಕ್ಕಿ. ಬಂಡೆಯ ನೆತ್ತಿಯಿಂದ 'ಬುಂ... ಬೋ' ಎಂದು ಎರಡೇ ಮಾತಾಡಿ ಸುಮ್ಮನಾಗುವುದು ಕೊಂಬಿನ ಗೂಬೆ. ನಮ್ಮ ನಾಟಕ ಕಂಪನಿಯ ರಾಜಾಪಾರ್ಟಿನವನಿಗೂ ಆ ಗತ್ತು ಬರಲಿಲ್ಲ. ಗೂಬೆ ಕೂಗಿದರೆ ಕದ ಹಾಕಿಕೊಳ್ಳುವ ಓಣಿಯಲ್ಲಿ ನೀನೊಬ್ಬಳು ಕದ ತೆಗೆದು ಹೊರಗೋಡುತ್ತಿದ್ದೆ. ಯಾವ ಗೂಬೆ, ಎಲ್ಲಿ, ಎಷ್ಟು ಸಲ ಎಂದು ನಾಲ್ಕು ಮಾಗಿ ಕೂತು ಬರೆದು ಗೂಬೆ ಎಣಿಸುವ ತಂಡಕ್ಕೆ ಕಳಿಸಿದೆ. 'ಮಾವ, ಕಾಡುಗೂಬಿ ನಮ್ಮ ಕಡೆ ಯಾರೂ ಕೇಳಿಲ್ಲ. ಒಮ್ಮೆ ನಮ್ಮ ಕೋಟ್ಯಾಗ ಕೂಗಿದ್ರ ಸಾಕು ನೋಡು' ಎಂದು ಮೊಬೈಲಿನಲ್ಲಿ ಅದರ ದನಿ ಕೇಳಿಸಿದ್ದೆ. ಹು...ವಾ...ಆ...ಆ! ಥೇಟ್ ನನ್ನ ರಾಕ್ಷಸ ಪಾರ್ಟಿನ ನಗು.

ಎರಡು ವರ್ಷದ ಹಿಂದಿನ ಮಾಗಿಯ ಆ ಸಂಜೆ ಕೋಟೆಯ ಬಂಡೆಗಳ ನಡುವಿನಿಂದ ಅದು ಕೂಗಿಯೇಬಿಟ್ಟಿತು. ನೀನು ಬರೆದುಕೊಂಡೆ, ಮನೆಗೆ ಓಡಿಬಂದು ನನ್ನ ಕೈ ಹಿಡಿದು ಅತ್ತೆ. ಸುದ್ದಿ ಕೇಳಿ ಗೂಬೆ ಎಣಿಸುವ ತಂಡದ ಮುಖಂಡ ದುರುಗೇಶ್ ಹಂಪಿಯಿಂದ ಗೆಳೆಯರನ್ನು ಕಟ್ಟಿಕೊಂಡು ಬಂದು ಮೂರು ಸಂಜೆ ಕಾದ. ನಾನಾಗ ನಾಟಕಕ್ಕೆಂದು ಸಂಡೂರಿಗೆ ಹೋಗಿದ್ದೆ. ಕೋಟೆ ಉಸಿರೆತ್ತಲಿಲ್ಲ. 'ಏನ್ ಭವ್ಯಕ್ಕ, ಹೆಸರು ಬರ್ಲಿ ಅಂತ ಬರದ್ರೇನು?' ಎಂದು ಎಲ್ಲರೆದುರು ಕೇಳಿದನಂತೆ. ಆ ಒಂದು ಕೂಗಿನಿಂದಾಗಿ ನಿನ್ನ ನಾಲ್ಕು ಮಾಗಿಯ ಪಟ್ಟಿಯನ್ನೂ ಸುಳ್ಳೆಂದು ಬದಿಗಿಟ್ಟರು. ನಾನು ಸಂಡೂರಿನಿಂದ ಬಂದ ದಿನ ಹೊಸ್ತಿಲಲ್ಲೇ ನೀನು ಕೇಳಿದೆ: 'ಮಾವ, ನೀನರ ನನ್ನ ನಂಬ್ತೀಯೇನು?' 'ನಂಬ್ತೀನವ್ವ' ಎಂದೆ. ಸಾವಿರ ಜನರೆದುರು ಒಂದು ಮಾತೂ ಮರೆಯದ ಸುಂಕಪ್ಪ, ಒಬ್ಬಳ ಎದುರು ಅಷ್ಟೇ ಹೇಳಿ ಕೈತೊಳೆಯಲು ಹೋದ. ನೀನು ಬೈನಾಕ್ಯುಲರ್ ಅನ್ನು ಅವ್ವನ ಟ್ರಂಕಿಗೆ ಹಾಕಿ ಕುರೆಕುಪ್ಪದ ಬಸ್ಸು ಹತ್ತಿದೆ. ಈಗ ಸಂಜೆ ಗೂಬೆ ಕೂಗಿದರೆ ಬಸಕ್ಕ ಟ್ರಂಕಿನ ಕಡೆ ನೋಡುತ್ತಾಳೆ. ನಾನು ನೆಲ ನೋಡುತ್ತೇನೆ.

ಹಂಪಿಯ ವಿರೂಪಾಕ್ಷ ನಿನ್ನ ಕಿವಿಗಳನ್ನು ಕಾಯಲಿ. ಅವ್ವನಿಗೊಂದು ಫೋನು ಮಾಡು.

ನಿನ್ನ ಮಾವ,
ಸುಂಕಪ್ಪ

ತಾ.ಕ.: ಅಂಚೆ ಡಬ್ಬಿಯವರೆಗೆ ಹೋಗಿ ವಾಪಸು ಬಂದೆ. ಆ ಕಾಡುಗೂಬೆ ನಾನೇ, ಭವ್ಯ. ಬಂಡೆಯ ಹಿಂದೆ ಕೂತು ಕೂಗಿ, ನಿನಗಿಂತ ಮುಂಚೆ ಮನೆ ಸೇರಿದೆ. ನಿನ್ನ ಅರಳಿದ ಮುಖ ನೋಡಿ ನಗುತ್ತಾ ಹೇಳಬೇಕೆಂದಿದ್ದೆ. ನೀನು ಅತ್ತುಬಿಟ್ಟೆ. ನಲವತ್ತು ವರ್ಷದಲ್ಲಿ ನನ್ನ ಯಾವ ಪಾರ್ಟಿಗೂ ಯಾರೂ ಹಾಗೆ ಅತ್ತಿರಲಿಲ್ಲ. ಆ ಸುಖ ಬಿಡಲಾಗಲಿಲ್ಲ. ಆಮೇಲೆ ಹೆದರಿದೆ. ನೀನು ಕಿವಿಗೆ ಬಿದ್ದದ್ದನ್ನೇ ಬರೆದೆ, ಒಂದಕ್ಷರ ಸುಳ್ಳಿಲ್ಲ. ನಾಳೆ ಭಾನುವಾರ, ದುರುಗೇಶನ ತಂಡ ಹಂಪಿ ಬಸ್ ಸ್ಟ್ಯಾಂಡಿನಲ್ಲಿ ಸೇರುತ್ತದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಅವರೆಲ್ಲರ ನಡುವೆ ನಿಂತು ಆ ಕೂಗು ಕೂಗುತ್ತೇನೆ. ಆಮೇಲೆ ನನ್ನ ಹೆಸರು ಹೇಳುತ್ತೇನೆ.