ಕೂಗದೆ ಬಿಟ್ಟ ಹೆಸರು

ಗಲಗಲಿ, ಹೊಳೆದಂಡೆ
೧೭ ಆಗಸ್ಟ್ ೨೦೨೪, ಶನಿವಾರ

ಮಗಳು ಗಂಗಾಂಬಿಕಾಗೆ ಅವ್ವನ ಆಶೀರ್ವಾದ.

ಕೂಸು ಹಾಲು ಕುಡಿಯುತ್ತಿದೆಯೇ? ರಾತ್ರಿ ಅಳುತ್ತದೆಯೇ? ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಕಲ್ಮೇಶ ಬಲೆಯ ದಾರ ತರಲು ಬನಹಟ್ಟಿಗೆ ಬರುತ್ತಾನೆ. ಅವನ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತೇನೆ. ಅವನನ್ನು ಬಾಗಿಲಲ್ಲೇ ನಿಲ್ಲಿಸಬೇಡ, ಒಂದು ಕಪ್ ಚಹಾ ಕೊಡು.

ಸೋಮವಾರ ನೀನು ಪೊಲೀಸರಿಗೆ ಫಿರ್ಯಾದಿ ಕೊಡುತ್ತೀಯಂತೆ, ಅದರಲ್ಲಿ ನೀಲಕಂಠ ಕಾಕಾನ ಹೆಸರಿದೆಯಂತೆ. ನಿನ್ನ ಗಂಡ ಹೇಳಿದ. "ನಮ್ಮ ಅಣ್ಣನ ಹೆಸರ ಕೂಗದ ಬಿಟ್ಟಾಂವ ಜೇಲಿನ್ಯಾಗ ಕೊಳೀಲಿ" ಅಂದೆಯಂತೆ. ನಿನ್ನ ಅಣ್ಣ ಜಕ್ಕಪ್ಪ ಹೊಳೆಯ ಪಾಲಾಗಿ ಇಂದಿಗೆ ಹದಿನೇಳು ದಿನ. ನಿನ್ನ ಸಿಟ್ಟು ನನಗೆ ತಿಳಿಯುತ್ತದೆ. ಆದರೂ ಫಿರ್ಯಾದಿ ಕೊಡಬೇಡ ಎಂದು ಹೇಳಲು ಕೂತಿದ್ದೇನೆ.

ಗುತ್ತಿಗೆದಾರನ ಕಾಲ ನಿನಗೆ ನೆನಪಿರಬೇಕು. ಹೊಳೆ ನಮ್ಮ ಮನೆ ಮುಂದೆಯೇ ಹರಿಯುತ್ತಿತ್ತು, ಮೀನು ಮಾತ್ರ ಹರಾಜು ಹಿಡಿದವನದು. ಅಂಬಿಗರಾದ ನಾವು ನಮ್ಮ ಹೊಳೆಯಲ್ಲೇ ಕೂಲಿಗಳು. ನಿನ್ನ ಅಪ್ಪ ಒಂದೇ ಒಂದು ಮೀನನ್ನು ಧೋತರದಲ್ಲಿ ಮುಚ್ಚಿಕೊಂಡು ತಂದಿದ್ದಕ್ಕೆ, ಗುತ್ತಿಗೆದಾರನ ಆಳುಗಳು ಅವನನ್ನು ದಂಡೆಯ ಮೇಲೆ ಕೂಡಿಸಿ, ಆ ಮೀನನ್ನು ಹಸಿಯಾಗಿಯೇ ಅವನ ಬಾಯಿಗೆ ತುರುಕಿದರು. ನೀನು ನನ್ನ ಸೆರಗು ಹಿಡಿದು ನಿಂತಿದ್ದೆ. ಅವನು ಸಾಯುವವರೆಗೂ ಮತ್ತೆ ಮೀನು ತಿನ್ನಲಿಲ್ಲ.

ಆ ಹೊಳೆಯನ್ನು ನಾಲ್ಕು ವರ್ಷದ ಹಿಂದೆ ನಮ್ಮ ಓಣಿಯ ಸಂಘದ ಹೆಸರಿಗೆ ಬರೆಸಿಕೊಂಡೆವು. ನೀಲಕಂಠ ಕಾಕಾ ಬೀಳಗಿಗೂ ಬಾಗಲಕೋಟೆಗೂ ಎಷ್ಟು ಸಲ ಹೋಗಿ ಬಂದನೋ ಲೆಕ್ಕವಿಲ್ಲ. ಕಾಗದ ಕೈಗೆ ಬಂದ ದಿನ ಗಂಗವ್ವನ ಗುಡಿಯ ಕಟ್ಟೆಯ ಮೇಲೆ ಓಣಿಯವರೆಲ್ಲ ಕೂಡಿದರು. "ಇನ್ನ ಮ್ಯಾಲ ನಮ್ಮ ಹೊಳಿ, ನಮ್ಮ ಕಾಯ್ದೆ. ಸಾಹೇಬ್ರು ಬಂದು ನಮಗ ಬುದ್ಧಿ ಹೇಳೂದ ಬ್ಯಾಡ" ಅಂದ ಕಾಕಾ. ಏಳನೆಯ ಇಯತ್ತೆ ಓದಿದವಳು ನಾನೊಬ್ಬಳೇ ಎಂದು ಪುಸ್ತಕ ನನ್ನ ಕೈಗೆ ಬಂತು. "ಯಕ್ಕಾ, ಅಕ್ಷರ ದಪ್ಪ ಬರಿ, ಮೀನಕ್ಕೂ ಓದಾಕ ಬರಬೇಕು" ಎಂದು ಕಲ್ಮೇಶ ನಗಿಸಿದ.

ದಪ್ಪಗೇ ಬರೆದೆ. ಮೀನು ತತ್ತಿ ಹೊತ್ತಿರುವ ಜೂನ್, ಜುಲೈ ಎರಡು ತಿಂಗಳು ಹೊಳೆಯನ್ನು ಬಸುರಿಯಂತೆ ನೋಡಬೇಕು, ಯಾರೂ ಬಲೆ ಹಾಕಬಾರದು. ಹಾಕಿದವನ ತೆಪ್ಪವನ್ನು ದಂಡೆಯ ಮೇಲೆ ಬೋರಲು ಹಾಕಬೇಕು. ಒಂದು ತಿಂಗಳು ಅವನೊಡನೆ ಮಾತಿಲ್ಲ, ಓಣಿಯ ಕೂಗಿನಲ್ಲಿ ಅವನ ಹೆಸರಿಲ್ಲ. ಹೊಳೆಗೆ ನೀರು ಬಂದಾಗ ಏನು ಮಾಡುವುದೆಂದು ಯಾರೂ ಕೇಳಲಿಲ್ಲ. ನಾನೂ ಬರೆಯಲಿಲ್ಲ.

ಕಾಯ್ದೆ ಫಲ ಕೊಟ್ಟಿತು, ಗಂಗಾ. ಮೂರನೆಯ ವರ್ಷಕ್ಕೆ ಮೊಳದುದ್ದದ ಬಾಳೆಮೀನು ಬಲೆಗೆ ಬಿತ್ತು.

ಈಗ ನಿನಗೆ ಕಹಿಯಾದ ಮಾತೊಂದನ್ನು ಬರೆಯುತ್ತೇನೆ. ಜುಲೈ ಮೊದಲ ವಾರ, ಎದೆಯಲ್ಲಿ ಹಾಲು ಬತ್ತಿದೆ, ಕೂಸು ಚೀರುತ್ತದೆ ಎಂದು ನೀನು ಅಣ್ಣನಿಗೆ ಫೋನ್ ಮಾಡಿ ಅತ್ತೆ. ಬಾಣಂತಿಗೆ ಹೊಳೆಮೀನಿನ ಸಾರು ಕೊಟ್ಟರೆ ಹಾಲು ಬರುತ್ತದೆಂದು ಅವನಿಗೆ ಗೊತ್ತಿತ್ತು. ಎರಡು ಮೀನು ಹಿಡಿದು ಬನಹಟ್ಟಿಗೆ ಬಂದ. ಪೇಟೆಯಲ್ಲಿ ಕೊಂಡೆ ಎಂದು ನಿನಗೆ ಹೇಳಿದನಲ್ಲವೇ? ಅವನು ಕೊಂಡಿರಲಿಲ್ಲ. ಹಸಿ ಬಲೆ ಅವನ ಮನೆಯ ಹಿಂದೆ ಸಿಕ್ಕಿತು. ಓಣಿ ಕೂಡಿತು. "ತಪ್ಪಾಗೇತ್ರಿ. ಯಾರಿಗಂತ ಕೇಳಬ್ಯಾಡ್ರಿ" ಎಂದಷ್ಟೇ ಹೇಳಿದ. ಕೇಳಿದ್ದರೆ ನಾನು ಹೇಳಬಹುದಿತ್ತು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

ನೀಲಕಂಠ ಕಾಕಾ ನನ್ನ ಕಡೆ ತಿರುಗಿ, "ಹೊಳೆವ್ವಾ, ಹುಡುಗ ಒಂದ ಸಲ ತಪ್ಪ್ಯಾನ. ಈ ಸಲ ಬಿಡೂಣೇನು?" ಎಂದ. ಅವನು ದಾರಿ ಬಿಟ್ಟ, ದಾರಿ ಮುಚ್ಚಿದವಳು ನಾನು. "ನನ್ನ ಮಗಗ ಬಿಟ್ರ ನಾಳಿಗಿ ಯಾರಿಗಿ ಹಿಡೀತೀರಿ ಅಣ್ಣಾರ? ಪುಸ್ತಕದಾಗ ಇದ್ದಂಗ ಆಗ್ಲಿ" ಎಂದು ಅವನ ಹೆಸರನ್ನು ನಾನೇ ಬರೆದೆ. ತೆಪ್ಪ ಬೋರಲು ಹಾಕುವಾಗ ಜಕ್ಕಪ್ಪನೂ ಒಂದು ಬದಿಗೆ ಕೈ ಕೊಟ್ಟ. "ಲೇ ಕಲ್ಮೇಶಾ, ಸಾವಕಾಶ, ತಳ ಹರದೀತು" ಅಂದ. ರೂಢಿಯ ಮೇಲೆ "ಹೂಂ" ಎನ್ನಲು ಹೋಗಿ ಕಲ್ಮೇಶ ನಾಲಿಗೆ ಕಚ್ಚಿಕೊಂಡ.

ಆಮೇಲೆ ಇಪ್ಪತ್ತಾರು ದಿನ ನನ್ನ ಮನೆಗೂ ಅವನ ಮನೆಗೂ ನಡುವಿನ ಗೋಡೆಯ ಮೇಲೆ ರೊಟ್ಟಿ ಇಟ್ಟು ಬರುತ್ತಿದ್ದೆ. ಮಾತಾಡಲಿಲ್ಲ. ಅವನೇ ಆಚೆಯಿಂದ, "ಯವ್ವಾ, ಇವತ್ತ ಪಲ್ಯಾಕ ಉಪ್ಪ ಮರತಿ ನೋಡ" ಎನ್ನುತ್ತಿದ್ದ. ಮರುದಿನ ಉಪ್ಪು ಹಾಕುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಸಂಘದ ಫೋನ್ ಗುಂಪಿನಿಂದಲೂ ಅವನನ್ನು ತೆಗೆದಿದ್ದರು.

ನಮ್ಮ ಕೂಗು ನಿನಗೆ ಗೊತ್ತು. ಡ್ಯಾಮಿನಿಂದ ನೀರು ಬಿಟ್ಟರೂ, ಸಾವಾದರೂ, ಓಣಿ ಕೂಡಬೇಕಾದರೂ ಒಂದೇ ಕೂಗು. ಮೇಲಿನ ಮನೆಯವರು ಕೆಳಗಿನ ಮನೆಯವನ ಹೆಸರು ಕೂಗುತ್ತಾರೆ, ಅವನು ಮುಂದಿನವನದು. ಹೆಸರು ಬಿಟ್ಟು ಬೇರೆ ಮಾತಿಲ್ಲ, ನೀರಿನ ಮೇಲೆ ಮಾತು ಒಡೆಯುತ್ತದೆ, ಹೆಸರು ಒಡೆಯುವುದಿಲ್ಲ. ಹೆಸರು ಕೇಳಿದವನು ಇದ್ದ ಕೆಲಸ ಬಿಟ್ಟು ದಂಡೆ ಹತ್ತಬೇಕು. ತನ್ನ ಹೆಸರು ಬಾರದವನಿಗೆ ಅದರ ಸಂಬಂಧವಿಲ್ಲ.

ಅಂದು ಮಧ್ಯಾಹ್ನ ಜಕ್ಕಪ್ಪ ನಡುಗಡ್ಡೆಯಲ್ಲಿ ಆಡಿಗೆ ಹುಲ್ಲು ಕೊಯ್ಯುತ್ತಿದ್ದ. ಮೇಲಿನ ಡ್ಯಾಮಿನ ಗೇಟು ತೆಗೆದರು. ಎಲ್ಲರ ಹೆಸರೂ ಬಂತು, ಅವನದು ಬರಲಿಲ್ಲ. ಮರುದಿನ ಎರಡು ಹರದಾರಿ ಕೆಳಗೆ ಜಾಲಿಯ ಕಂಟಿಯಲ್ಲಿ ಸಿಕ್ಕ. ಕುಡುಗೋಲು ಸೊಂಟದಲ್ಲಿ ಹಾಗೇ ಇತ್ತು.

ನಾನು ಆ ದಿನ ಸಂಘದ ಕಾಗದಕ್ಕಾಗಿ ಬೀಳಗಿಗೆ ಹೋಗಿದ್ದೆ ಎಂದು ನಿನಗೆ ಹೇಳಿದ್ದೇನೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದರ ಮೇಲಿನ ಮನೆಯವರೇ ಆ ಮನೆ ದಾಟಿಸಿ ಮುಂದಿನವನ ಹೆಸರು ಕೂಗಬೇಕು. ನಮ್ಮ ಮೇಲಿನ ಮನೆ ನೀಲಕಂಠ ಕಾಕಾನದು, ಕೆಳಗಿನದು ಜಕ್ಕಪ್ಪನದು, ಅದರಾಚೆಯದು ಕಲ್ಮೇಶನದು. ನೀನು ಅವನನ್ನು ಹಿಡಿದದ್ದು ಅದಕ್ಕೆ. ಆದರೆ ಯೋಚಿಸು. ಪೊಲೀಸರು ಅವನೊಬ್ಬನನ್ನೇ ಒಯ್ಯುವುದಿಲ್ಲ, ಪುಸ್ತಕವನ್ನೂ ಒಯ್ಯುತ್ತಾರೆ. ಸಂಘ ಮುಚ್ಚುತ್ತದೆ. ಗುತ್ತಿಗೆದಾರ ಈಗಲೇ ಎರಡು ಸಲ ಜೀಪಿನಲ್ಲಿ ಬಂದು ದಂಡೆ ನೋಡಿ ಹೋಗಿದ್ದಾನೆ. ತಮ್ಮನ್ನು ತಾವೇ ಆಳಿಕೊಳ್ಳಲು ಬರದವರು ಎಂದು ನಗುತ್ತಾನೆ. ನಿನ್ನ ಅಪ್ಪನ ಬಾಯಿಗೆ ತುರುಕಿದ್ದನ್ನು ಮರೆಯಬೇಡ.

ನೀರು ಬಂದರೆ ಬಹಿಷ್ಕಾರದವನ ಹೆಸರನ್ನೂ ಕೂಗಬೇಕೆಂದು ಹೋದ ಸೋಮವಾರ ಪುಸ್ತಕದಲ್ಲಿ ಸೇರಿಸಿದೆವು. ಅದನ್ನೂ ನಾನೇ ಬರೆದೆ.

ಕೂಸಿಗೆ ತಂಪು ತಾಗದಂತೆ ನೋಡಿಕೋ. ಜೋಳದ ಹಿಟ್ಟು ಕಳಿಸಿದ್ದೇನೆ.

ನಿನ್ನ ಅವ್ವ,
ಹೊಳೆವ್ವ

ತಾ.ಕ.: ಕಾಗದ ಮಡಿಚಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಫಿರ್ಯಾದಿಯ ಸುದ್ದಿ ಕೇಳಿ ನೀಲಕಂಠ ಕಾಕಾ ನಿನ್ನೆ ಬಂದಿದ್ದ. "ಹುಡುಗಿ ನನ್ನ ಹೆಸರ ಬರದ್ರ ಬರೀಲಿ ಬಿಡ. ನಾ ಒಪ್ಪಿಕೊಂಡೇನು. ಅಕಿಗಿ ಇನ್ನೊಬ್ಬ ಅವ್ವ ಎಲ್ಲಿ ಸಿಗತಾಳ?" ಎಂದು ಹೇಳಿ ನೀರೂ ಕುಡಿಯದೆ ಹೋದ. ಅಂದು ನಾನು ಬೀಳಗಿಗೆ ಹೋಗಿರಲಿಲ್ಲ. ಮನೆಯಲ್ಲಿದ್ದೆ. ಕಾಕಾ ನನ್ನ ಹೆಸರು ಕೂಗಿದ, ಓಗೊಟ್ಟು ಹೊರಗೆ ಬಂದೆ. ಜಕ್ಕಪ್ಪ ನಡುಗಡ್ಡೆಯಲ್ಲಿ ಬಾಗಿದ್ದು ಕಾಣುತ್ತಿತ್ತು. ನೀರು ಏರಲು ಎಂದಿನಂತೆ ಅರ್ಧ ತಾಸು ಬೇಕು, ಮೊದಲು ಕಾಯ್ದೆಯಂತೆ ಕೂಗಿ, ಆಮೇಲೆ ಯಾರಿಗೂ ಕಾಣದಂತೆ ದಂಡೆಗಿಳಿದು ಅವನಿಗೆ ಸೆರಗು ಬೀಸೋಣ ಎಂದುಕೊಂಡೆ. ಕಲ್ಮೇಶನ ಹೆಸರು ಕೂಗಿದೆ. ನನ್ನ ದನಿ ಕೇಳಿ ಜಕ್ಕಪ್ಪ ನೆಟ್ಟಗೆ ನಿಂತು ಮನೆಯ ಕಡೆ ನೋಡಿದ. ಸ್ವಲ್ಪ ಹೊತ್ತು ಕಾದ. ತನಗಲ್ಲ ಎಂದು ಮತ್ತೆ ಬಾಗಿದ. ನಾನು ದಂಡೆಗಿಳಿಯುವಷ್ಟರಲ್ಲಿ ನಡುಗಡ್ಡೆ ಇರಲಿಲ್ಲ.

ಫಿರ್ಯಾದಿ ಕೊಡುವುದೇ ಆದರೆ ಕಾಕಾನ ಹೆಸರು ಹೊಡೆದು ನನ್ನದು ಬರೆ. ಜಕ್ಕಪ್ಪನ ತಿಂಗಳು ಮುಗಿಯಲು ಅಂದಿಗೆ ನಾಲ್ಕು ದಿನ ಉಳಿದಿತ್ತು. ಈಗ ಮುಗಿದು ಹದಿಮೂರು ದಿನವಾಯಿತು. ಅವನ ಹೆಸರು ಕೂಗಲು ಯಾರ ಅಡ್ಡಿಯೂ ಇಲ್ಲ.